ನಲವತ್ತೇಳನೆಯವನ ಕಾಲರ್

ಮೇ 26, 2013, ಭಾನುವಾರ. ಮದೀನತ್ ಜಾಯೆದ್

ಅರವತ್ತೊಂದು ತುಂಬಿದ ಮೇಲೆ ಅಬುಧಾಬಿಯ ಈ ಮರಳುಗಾಡಿಗೆ ಕೆಲಸಕ್ಕೆ ಬಂದ ಹೆಂಗಸು ನಾನೊಬ್ಬಳೇ ಇರಬೇಕು. ಬಂದದ್ದು ಮಗನ ಬಾಯಿಗೆ ಮರುಳಾಗಿ. "ಅಮ್ಮ, ಒಂದು ತಿಂಗಳಿನ ಕೆಲಸ. ಸಿನೆಮಾದವರಿಗೆ ಟೈಲರ್ ಬೇಕಂತೆ. ಇಪ್ಪತ್ತು ವರ್ಷ ಸತ್ವಾದಲ್ಲಿ ಯೂನಿಫಾರ್ಮ್ ಹೊಲಿದವಳು ನೀನು, ಫ್ಲ್ಯಾಟಿನಲ್ಲಿ ಕೂತು ಎಂತ ಮಾಡ್ತಿ" ಎಂದ. ಸುಜಿತನಿಗೆ ಯಾರನ್ನೂ ಒಪ್ಪಿಸಲು ಬರುತ್ತದೆ. ಆಳುಗಳನ್ನು ಒದಗಿಸುವ ಕಂಪನಿಯಲ್ಲಿ ಅವನಿಗೆ ಸಂಬಳ ಕೊಡುವುದೇ ಅದಕ್ಕೆ.

ಈ ಸಿನೆಮಾಕ್ಕೆ ಹಿಂದೆ ನಿಲ್ಲುವ ಜನರನ್ನು ಕೊಟ್ಟದ್ದೂ ಅವನ ಕಂಪನಿಯೇ. ಎಂಬತ್ತನಾಲ್ಕು ಮಂದಿ, ಎಲ್ಲರೂ ನೀಲಿ ಟೊಪ್ಪಿಯ ಶಾಂತಿಪಡೆ ಸೈನಿಕರಾಗಬೇಕು. ಲಂಡನ್ನಿನಿಂದ ಬಂದ ಯೂನಿಫಾರ್ಮುಗಳೋ ಆರಡಿ ಆಳಿಗೆ ಹೊಲಿದವು. ನಮ್ಮವರು ಹಾಕಿಕೊಂಡರೆ ತೋಳಿನೊಳಗೆ ಕೈ ಹುಡುಕಬೇಕು. ಇವತ್ತು ಹನ್ನೊಂದು ಗಂಟೆ ಹೊತ್ತು ತೋಳು ಕತ್ತರಿಸಿದೆ. ಡೇರೆಯ ಎ.ಸಿ. ಮೂರು ಸಲ ನಿಂತಿತು.

ಇಸ್ತ್ರಿಗೆ ಮಮ್ಮು ಇದ್ದಾನೆ, ಉಳ್ಳಾಲದ ಬ್ಯಾರಿ, ಐವತ್ತು ದಾಟಿದವನು. ಬಾಯಿ ಮುಚ್ಚುವುದು ಅವನಿಗೆ ಗೊತ್ತಿಲ್ಲ. "ಜಲಜಕ್ಕ, ಶಾಂತಿ ತರ್ಲಿಕ್ಕೆ ಹೋಗುವವರಿಗೆ ಇಷ್ಟು ಜೇಬು ಎಂತಕ್ಕೆ?" ಎಂದು ಕೇಳಿದ. ಎಣಿಸಿದೆ. ಒಂದು ಉಡುಪಿಗೆ ಹತ್ತು ಜೇಬು.

ಮೇ 30, ಗುರುವಾರ

ಉಡುಪಿನ ಲೆಕ್ಕ ಇಡುತ್ತಿದ್ದ ಫಿಲಿಪಿನೋ ಹುಡುಗಿ ಶಾಖ ತಡೆಯಲಾರದೆ ದುಬೈಗೆ ಹೋದಳು. ಆ ಕೆಲಸವೂ ನನ್ನ ತಲೆಗೆ. ಇಲ್ಲಿಯ ಮ್ಯಾನೇಜರ್ ಗೇಬ್ರಿಯಲ್ ಮಂಗಳೂರು ಬೆಂದೂರಿನವ. ತೆಳ್ಳಗೆ, ಸೆಂಟಿನ ಪರಿಮಳ, ಎಲ್ಲದಕ್ಕೂ "ಆಂಟಿ, ಆಂಟಿ". "ನಂಗೆ ಇಂಗ್ಲಿಷ್ ಬರೆಯಲಿಕ್ಕೆ ಬರುದಿಲ್ಲ" ಎಂದೆ. "ಯಾವ ಭಾಷೆಯಲ್ಲಾದರೂ ಬರೆಯಿರಿ ಆಂಟಿ, ಯಾರು ಓದ್ತಾರೆ" ಎಂದ.

ಆದ್ದರಿಂದ ಕನ್ನಡದಲ್ಲಿ, ಕನ್ನಡದ ಅಂಕಿಯಲ್ಲೇ ಬರೆಯುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಉಳಿದದ್ದೆಲ್ಲ ಪೊಟ್ಟಣ ಕಟ್ಟಿ ಬಂದ ಪೇಪರು ಓದಿ ಕಲಿತದ್ದು. ಯಾರ ನಂಬರು, ಉಡುಪು ಕೊಟ್ಟ ಗಂಟೆ, ವಾಪಸು ಬಂದ ಗಂಟೆ, ಹರಿದದ್ದೇನು, ಹೊಲಿದದ್ದೇನು. ದುಬೈಯ ಸತ್ವಾದ ಅಂಗಡಿಯಲ್ಲೂ ಹೀಗೇ ಇಡುತ್ತಿದ್ದೆ. ಒಂದು ಗುಂಡಿ ಬದಲಿಸಿದರೂ ಬರೆಯದೆ ನನಗೆ ನಿದ್ದೆ ಬರುವುದಿಲ್ಲ.

ಜೂನ್ 4, ಮಂಗಳವಾರ

ಕತೆ ಏನೆಂದು ಇವತ್ತು ಗೊತ್ತಾಯಿತು. ಯಾವುದೋ ಬಡ ದೇಶದಲ್ಲಿ ಯುದ್ಧ ನಿಂತಿದೆ. ಕಾಯಲು ಬಂದ ಶಾಂತಿಪಡೆಯ ದೊಡ್ಡವರೇ ನಿರಾಶ್ರಿತರಿಗೆ ಬಂದ ಔಷಧಿಯನ್ನು ಹಿಂದಿನ ಬಾಗಿಲಿನಿಂದ ಮಾರುತ್ತಾರೆ. ನರ್ಸು ಒಬ್ಬಳು ಅದನ್ನು ಬಯಲಿಗೆ ಹಾಕುತ್ತಾಳೆ. ಅವಳ ಕೆಲಸ ಹೋಗುತ್ತದೆ, ಮರ್ಯಾದೆ ಹೋಗುತ್ತದೆ, ಕೊನೆಗೆ ಸತ್ಯ ಗೆಲ್ಲುತ್ತದೆ.

ಗೆಲ್ಲಲು ಇಷ್ಟು ಹೊತ್ತು ಬೇಕೆಂದು ತಿಳಿದಿರಲಿಲ್ಲ. ನಾಯಕಿ ಮೇಜು ಗುದ್ದಿ ಒಂದು ಮಾತು ಹೇಳಬೇಕು. ಇಪ್ಪತ್ತೆರಡು ಸಲ ಗುದ್ದಿದಳು. ಅವಳಿಗೆ ಕೊಡೆ ಹಿಡಿಯುವವನೊಬ್ಬ, ಗಾಳಿ ಹಾಕುವವನೊಬ್ಬ. ಅವಳ ಹಿಂದೆ ಎಂಬತ್ತನಾಲ್ಕು ನೀಲಿ ಟೊಪ್ಪಿಗಳು ಬಿಸಿಲಲ್ಲಿ ನಿಂತೇ ಇದ್ದವು. ಉಡುಪಿನ ಮೇಲೆ ಗುಂಡು ತಡೆಯುವ ಕವಚವೆಂದು ದಪ್ಪ ಫೋಮು ಬೇರೆ.

ಅವರ ಮೇಲೂ ನನಗೆ ಸಿಟ್ಟೇ. ಕಟ್ ಅಂದ ಕೂಡಲೇ ಕಾಲರ್ ಬಿಚ್ಚುತ್ತಾರೆ, ಮತ್ತೆ ಹಾಕಲು ಮರೆಯುತ್ತಾರೆ. ಹಿಂದಿನ ಶಾಟಿನಲ್ಲಿ ಮುಚ್ಚಿದ ಗುಂಡಿ ಮುಂದಿನದರಲ್ಲಿ ತೆರೆದಿದ್ದರೆ ಬೈಗುಳ ನನಗೆ. ಎಲ್ಲರಿಗಿಂತ ಹಟಮಾರಿ ನಲವತ್ತೇಳು. ನಮ್ಮ ಕಿನ್ನಿಗೋಳಿ ಕಡೆಯವನಂತೆ, ನಾರ್ಬರ್ಟ್ ಅಂತ ಹೆಸರು. ಮೊದಲು ವಾಚ್‌ಮನ್ ಆಗಿದ್ದನಂತೆ. "ಅಕ್ಕ, ನನ್ನ ಕುತ್ತಿಗೆ ಕೋಣದ್ದು, ನಿಮ್ಮ ಕಾಲರ್ ಆಡಿನದ್ದು" ಎಂದ. "ಕೋಣನಿಗೆ ಗಂಟೆ ಕಟ್ಟಬೇಕಷ್ಟೆ, ಬಾಯಿ ಮುಚ್ಚಿ ನಿಲ್ಲು" ಎಂದೆ. ಮಮ್ಮು ನಕ್ಕು ಇಸ್ತ್ರಿ ಪೆಟ್ಟಿಗೆಯಲ್ಲಿ ಒಂದು ಪ್ಯಾಂಟು ಸುಟ್ಟ.

ಜೂನ್ 9, ಭಾನುವಾರ

ಇಂದು ಒಂದು ಉಪಾಯ ಹೊಳೆಯಿತು. ಬೆಳಿಗ್ಗೆ ಉಡುಪು ತೊಡಿಸಿದ ಕೂಡಲೇ ಪ್ರತಿಯೊಬ್ಬನ ಕಾಲರಿಗೆ ಒಳಗಿನಿಂದ ಖಾಕಿ ದಾರದಲ್ಲಿ ನಾಲ್ಕು ಹೊಲಿಗೆ. ಹೊರಗೆ ಕಾಣುವುದಿಲ್ಲ, ಬೆರಳಿಗೆ ಬಿಚ್ಚುವುದಿಲ್ಲ. ಸಂಜೆ ಕತ್ತರಿಯಿಂದ ಚುಚ್ಚಿದರೆ ಮುಗಿಯಿತು. ಸತ್ವಾದಲ್ಲಿ ಶಾಲಾ ಮಕ್ಕಳ ವಾರ್ಷಿಕೋತ್ಸವಕ್ಕೆ ನಾನೇ ಕಂಡುಹಿಡಿದ ಕ್ರಮ. ಎಂಬತ್ತನಾಲ್ಕು ಕುತ್ತಿಗೆ, ಒಂದೂವರೆ ಗಂಟೆ.

ಇಡೀ ದಿನ ಒಂದು ಗುಂಡಿಯೂ ತೆರೆಯಲಿಲ್ಲ. ಡೈರೆಕ್ಟರು ಡೇರೆಗೆ ಬಂದು ನನ್ನ ಕೈ ಕುಲುಕಿದ. ಗೇಬ್ರಿಯಲ್ "ಆಂಟಿ ಜೀನಿಯಸ್" ಎಂದ. ಕಾರ್ಕಳಕ್ಕೆ ತಂಗಿ ವಾರಿಜಳಿಗೆ ಕಾಗದ ಬರೆದು ಇದನ್ನೆಲ್ಲ ವಿವರವಾಗಿ ತಿಳಿಸಿದೆ. ಅವಳ ಸೊಸೆ ಟೈಲರಿಂಗ್ ಕಲಿಯುತ್ತಿದ್ದಾಳೆ, ಉಪಯೋಗಕ್ಕೆ ಬಂದೀತು.

ಜೂನ್ 15, ಶನಿವಾರ

ಇಂದಿನಿಂದ ಹೊರಗಿನ ಕೆಲಸದವರಿಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು. ಪ್ರತಿ ಬೇಸಿಗೆಯ ಸರಕಾರಿ ನಿಯಮ, ಎಲ್ಲರಿಗೂ ಗೊತ್ತಿರುವುದೇ. ಊಟದ ಹೊತ್ತಿಗೆ ಮಮ್ಮು ಅದನ್ನೇ ಗೇಬ್ರಿಯಲನಿಗೆ ಹೇಳಿದ.

"ಅದು ಕೆಲಸಕ್ಕೆ ಮಮ್ಮುಚ್ಚ. ಇವರು ಮಾಡುದು ಆ್ಯಕ್ಟಿಂಗ್. ಆರ್ಟಿಸ್ಟುಗಳು."

"ಹಾಗಾದರೆ ಆರ್ಟಿಸ್ಟುಗಳಿಗೆ ಒಂದೊಂದು ಕೊಡೆ ಕೊಡಿ" ಎಂದ ಮಮ್ಮು.

ಗೇಬ್ರಿಯಲ್ ನಕ್ಕು ಅವನ ಬೆನ್ನು ತಟ್ಟಿದ. ಶೂಟಿಂಗ್ ನಿಲ್ಲಲಿಲ್ಲ. ನಿಯಮ ಮುರಿಯಲು ಈ ಜನ ಮಾತು ಹುಡುಕುವಷ್ಟು ಶ್ರಮವನ್ನು ನೀರಿನ ಲಾರಿ ಹುಡುಕಲು ಪಡುವುದಿಲ್ಲ. ಮೂರು ದಿನದಿಂದ ಲಾರಿ ತಡ. ಇದನ್ನೆಲ್ಲ ಕೇಳಲು ನಾನು ಯಾರು, ಸೂಜಿದಾರದವಳು.

ಜೂನ್ 17, ಸೋಮವಾರ

ನಲವತ್ತೇಳು ಬಿದ್ದ. ನಾಳೆ ಬರೆಯುತ್ತೇನೆ.

ಜೂನ್ 18, ಮಂಗಳವಾರ

ನಿನ್ನೆ ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಟ್ರಕ್ಕಿನ ಸುತ್ತ ಸೈನಿಕರು ಸಾಲಾಗಿ ನಿಲ್ಲುವ ದೃಶ್ಯ. ನಾನು ಡೇರೆಯಲ್ಲಿದ್ದೆ. ಯಾರೋ ನನ್ನ ಹೆಸರು ಕೂಗಿದರು, ಡಾಕ್ಟರನ್ನಲ್ಲ, ನನ್ನನ್ನು. ಓಡಿದರೆ ನಾರ್ಬರ್ಟ್ ಮರಳಿನಲ್ಲಿ ಮಲಗಿದ್ದಾನೆ, ಮುಖ ಕಪ್ಪು ನೀಲಿ, ಎರಡು ಕೈಯೂ ಕುತ್ತಿಗೆಯಲ್ಲಿ. ಮೂವರು ಕಾಲರ್ ಎಳೆಯುತ್ತಿದ್ದಾರೆ, ಬರುತ್ತಿಲ್ಲ. ಬರುವ ಹಾಗೆ ನಾನು ಹೊಲಿದಿರಲಿಲ್ಲ.

ಕತ್ತರಿ ತರಲು ಮತ್ತೆ ಡೇರೆಗೆ ಓಡಿದೆ. ಈ ನೋಯುವ ಮಂಡಿ ಇಟ್ಟುಕೊಂಡು. ಕತ್ತರಿಸಿದೆ, ಕಾಲರಿನಿಂದ ಸೊಂಟದವರೆಗೆ, ಫೋಮು ಸಮೇತ. ಒಳಗೆ ಮೈ ಕಾದ ಕಾವಲಿಯ ಹಾಗೆ. ಬೆವರೇ ಇಲ್ಲ, ಒಣಗಿದೆ. ಮಮ್ಮು ಇಸ್ತ್ರಿಗೆ ಇಟ್ಟ ನೀರನ್ನೆಲ್ಲ ಅವನ ಮೇಲೆ ಸುರಿದ. ಸಿನೆಮಾದಲ್ಲಿ ಆಂಬುಲೆನ್ಸ್ ಎರಡಿದ್ದವು, ಎರಡೂ ಪೇಂಟು ಹೊಡೆದ ಬರೀ ಡಬ್ಬಿ. ಕೊನೆಗೆ ಊಟದ ವ್ಯಾನಿನಲ್ಲಿ ಆಸ್ಪತ್ರೆಗೆ ಸಾಗಿಸಿದರು.

ಸಂಜೆ ಉಡುಪಿನ ಪುಸ್ತಕದಲ್ಲಿ ಬರೆದೆ. ೪೭. ಕೊಟ್ಟದ್ದು ೬.೧೦. ಕಾಲರ್ ಒಳಗಿನಿಂದ ಹೊಲಿದಿದೆ. ವಾಪಸು ಇಲ್ಲ. ೨.೨೦ಕ್ಕೆ ಕತ್ತರಿಸಿದ್ದು.

ಬರೆದದ್ದು ಅಭ್ಯಾಸ ಬಲದಿಂದ, ಬೇರೆ ಯಾವ ಉದ್ದೇಶವೂ ಇರಲಿಲ್ಲ.

ಜೂನ್ 21, ಶುಕ್ರವಾರ. ಅಲ್ ನಹ್ದಾ, ದುಬೈ

ಶೂಟಿಂಗ್ ನಿಲ್ಲಿಸಿದ್ದಾರೆ. ನಮ್ಮನ್ನೆಲ್ಲ ಮನೆಗೆ ಕಳಿಸಿದರು. ನಾರ್ಬರ್ಟನನ್ನು ಅಬುಧಾಬಿಯ ಆಸ್ಪತ್ರೆಗೆ ಸೇರಿಸಿದ್ದಾರಂತೆ. ಜೀವ ಉಳಿದಿದೆ, ಮೂತ್ರಪಿಂಡ ಕೆಲಸ ನಿಲ್ಲಿಸಿದೆ.

ವಾರಿಜಳಿಗೆ ಫೋನಿನಲ್ಲಿ ಎಲ್ಲ ಕ್ಷೇಮ ಎಂದೆ. ಕಾಲರಿನ ಉಪಾಯ ಸೊಸೆಗೆ ಹೇಳಿಕೊಟ್ಟಳಂತೆ. "ಅದು ಬೇಡ" ಎಂದೆ. "ಯಾಕೆ ಅಕ್ಕ?" "ಬೇಡ ಅಂದರೆ ಬೇಡ" ಎಂದು ಬೈದೆ. ಪಾಪ, ಅವಳಿಗೆ ಯಾಕೆ ಬೈಯಬೇಕಿತ್ತು.

ಜೂನ್ 24, ಸೋಮವಾರ

ಗೇಬ್ರಿಯಲ್ ಮನೆಗೆ ಬಂದಿದ್ದ. ಒಂದು ಡಬ್ಬಿ ಖರ್ಜೂರ, ಒಂದು ಡಬ್ಬಿ ಬಕ್ಲಾವಾ. ಸೊಸೆ ಅಶ್ಮಿತಾ ಚಹಾ ಕೊಟ್ಟಳು. ಅರ್ಧ ಗಂಟೆ ನನ್ನ ಮಂಡಿನೋವು ವಿಚಾರಿಸಿದ. ಮಂಡಿ ಮುಗಿದ ಮೇಲೆ ವಿಷಯಕ್ಕೆ ಬಂದ.

ಹಾಜರಿ ಪಟ್ಟಿಯ ಪ್ರಕಾರ ಎಂಬತ್ತನಾಲ್ಕು ಜನರನ್ನೂ ಅಂದು ಹನ್ನೆರಡು ಗಂಟೆಗೆ ಬಿಟ್ಟಿದ್ದಾರೆ. ನಾರ್ಬರ್ಟ್ ಆಮೇಲೆ ತನ್ನಷ್ಟಕ್ಕೆ ಬಿಸಿಲಲ್ಲಿ ಅಲೆದು ಬಿದ್ದದ್ದು. ಆದ್ದರಿಂದ ಅವನ ಚಿಕಿತ್ಸೆ ಯಾರ ಜವಾಬ್ದಾರಿಯೂ ಅಲ್ಲ. ಸ್ವಲ್ಪ ಎದ್ದು ಕೂರುವಂತಾದರೆ ಟಿಕೆಟ್ ತೆಗೆದು ಊರಿಗೆ ಕಳಿಸುತ್ತಾರೆ. ಇದು ಅವರ ಲೆಕ್ಕ. ಆದರೆ ಉಡುಪಿನ ಪುಸ್ತಕವೊಂದು ಇದೆ ಎಂದು ಕಾರ್ಮಿಕ ಇಲಾಖೆಯ ಅಧಿಕಾರಿಗೆ ಯಾರೋ ಹೇಳಿಬಿಟ್ಟಿದ್ದಾರೆ. ಅವರು ಪುಸ್ತಕ ಕೇಳಿದ್ದಾರೆ. ಕನ್ನಡ ಓದಲು ಬಾರದ ಗೇಬ್ರಿಯಲ್ ಅದರಲ್ಲಿ ಏನಿದೆ ಎಂದು ಕೇಳಿದ, ನಲವತ್ತೇಳರ ಸಾಲು ಓದಿ ಹೇಳಿದೆ.

"ಕನ್ನಡದಿಂದ ತರ್ಜುಮೆ ಮಾಡುವವರು ಅವರಿಗೆ ಸಿಕ್ಕಿಲ್ಲ ಆಂಟಿ. ಒಂದನೇ ತಾರೀಕಿಗೆ ನಮ್ಮ ಜೆ.ಎಲ್.ಟಿ. ಆಫೀಸಿಗೆ ಬನ್ನಿ. ನೀವೇ ಓದಿ, ಸುಜಿತ್ ಟೈಪ್ ಮಾಡ್ತಾನೆ. ಎಂಬತ್ತಮೂರು ಸಾಲು ಇದ್ದ ಹಾಗೇ ಓದಿ, ನಂದೇನೂ ಇಲ್ಲ. ಉಳಿದವರಿಗೆ ನೀವು ವಾಪಸು ಬಂತು ಅಂತ ಮಾತ್ರ ಬರೆದದ್ದಲ್ವಾ?"

ಹೌದು. ಗಲಾಟೆಯಲ್ಲಿ ಅಂದು ವಾಪಸಿನ ಗಂಟೆ ಯಾರದ್ದನ್ನೂ ಬರೆದಿರಲಿಲ್ಲ. ಒಬ್ಬನದು ಬಿಟ್ಟು.

"ಒಂದೇ ಸಾಲು ಆಂಟಿ. ಎರಡು ಇಪ್ಪತ್ತರ ಜಾಗದಲ್ಲಿ ಹನ್ನೆರಡು. ನಿಮ್ಮ ಒಳ್ಳೇದಕ್ಕೂ ಹೇಳುದು. ಕಾಲರ್ ಹೊಲಿದದ್ದು ಯಾರು ಅಂತ ಕೇಳಿದರೆ?"

ಆ ಮಾತನ್ನು ಹೇಳುವಾಗಲೂ ಅವನ ಮುಖದಲ್ಲಿ ನಗು ಇತ್ತು. ಅವನು ಹೋದ ಮೇಲೆ ಬಕ್ಲಾವಾ ಡಬ್ಬಿಯನ್ನು ಕಸಕ್ಕೆ ಹಾಕಿದೆ. ಅಶ್ಮಿತಾ ತೆಗೆದು ಫ್ರಿಜ್ಜಿನಲ್ಲಿಟ್ಟಳು. "ಅತ್ತೆ, ತಿಂಡಿಗೆ ಎಂತ ಸಿಟ್ಟು" ಎಂದಳು.

ಜೂನ್ 25, ಮಂಗಳವಾರ

ಅಧಿಕಾರಿಗೆ ಹೇಳಿದ್ದು ಮಮ್ಮು. ಅವನೇ ಫೋನ್ ಮಾಡಿ ಒಪ್ಪಿಕೊಂಡ. "ನನ್ನ ಮೇಲೆ ಕೋಪ ಮಾಡ್ಬೇಡಿ ಜಲಜಕ್ಕ. ನನಗೆ ಓದ್ಲಿಕ್ಕೆ ಬರುದಿಲ್ಲ. ನೀವು ಬರೆಯುದನ್ನು ದಿನಾ ನೋಡ್ತಿದ್ದೆ. ಸರಿ ಇರ್ತದೆ ಅಂತ ಹೇಳಿದೆ."

"ನನ್ನನ್ನು ಕೇಳಿ ಹೇಳಬಹುದಿತ್ತು."

"ಕೇಳಿದ್ದರೆ ನೀವು ಬೇಡ ಅಂತಿದ್ದಿರಿ."

ಅನ್ನುತ್ತಿದ್ದೆ. ಅದಕ್ಕೇ ಮತ್ತಷ್ಟು ಸಿಟ್ಟು ಬಂತು, ಫೋನ್ ಇಟ್ಟೆ.

ಜೂನ್ 27, ಗುರುವಾರ

ಬೆಳಿಗ್ಗೆ ನಾನು ದೋಸೆ ಹೊಯ್ಯುವಾಗ ಸುಜಿತ ಅಡುಗೆ ಕೋಣೆಗೆ ಬಂದು ಬಾಗಿಲು ಓರೆ ಮಾಡಿದ. ಅವನ ಕಂಪನಿಯಲ್ಲಿ ಕರೆದು ಮಾತಾಡಿದ್ದಾರೆ. ಸಾಲು ಬದಲಾಗದಿದ್ದರೆ ಕಂಪನಿಗೆ ದಂಡ, ನಾರ್ಬರ್ಟನ ಖರ್ಚು, ಹೊಸ ವೀಸಾ ಬಂದ್. ಅವನ ಕೆಲಸ ಅಂದೇ ಖಲಾಸ್.

"ನನ್ನ ವೀಸಾ ಹೋದರೆ ಅಶ್ಮಿತಾಳದ್ದು ಹೋಗ್ತದೆ, ನಿನ್ನದೂ ಹೋಗ್ತದೆ. ಎಲ್ಲ ನನ್ನ ಮೇಲೆ ಇರುದಲ್ವಾ ಅಮ್ಮ. ಮೂವತ್ತು ದಿನದಲ್ಲಿ ಗಂಟು ಕಟ್ಟಬೇಕು."

"ಗೊತ್ತುಂಟು."

"ಕನ್ನಡ ಅಂಕಿ ಯಾರು ಓದ್ತಾರೆ? ನನಗೇ ಬರುದಿಲ್ಲ. ಅಲ್ಲಿ ಇರುವವರಲ್ಲಿ ಓದ್ಲಿಕ್ಕೆ ಬರುದು ನಿನಗೆ ಒಬ್ಬಳಿಗೆ."

"ಅದೇ ನನ್ನ ಕಷ್ಟ ಮಗ."

"ಅವನನ್ನು ಬಿಸಿಲಲ್ಲಿ ನಿಲ್ಲಿಸಿದ್ದು ನಾನಲ್ಲ."

"ಕಳಿಸಿದ್ದು ನೀನು. ಹೊಲಿದದ್ದು ನಾನು."

ದೋಸೆ ಸೀದಿತು. ಅದನ್ನೇ ತಟ್ಟೆಗೆ ಹಾಕಿ ಕೊಟ್ಟೆ, ಅದನ್ನೇ ತಿಂದ. ಚಿಕ್ಕವನಿದ್ದಾಗ ಸೀದ ದೋಸೆಗೆ ಮನೆ ತಲೆಕೆಳಗೆ ಮಾಡುತ್ತಿದ್ದ. ಅವನ ಮೇಲೆ ಸಿಟ್ಟು ಮಾಡಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ. ಬೆಳೆಸುವಾಗ ಕನ್ನಡ ಅಂಕಿ ಕಲಿಸದೇ ಇದ್ದದ್ದು ನಾನೇ. ಬೇಕಾಗದು ಎಂದುಕೊಂಡಿದ್ದೆ.

ಜೂನ್ 28, ಶುಕ್ರವಾರ

ಪುಸ್ತಕ ತೆರೆದು ಅಭ್ಯಾಸ ಮಾಡಿ ನೋಡಿದೆ. ನಲವತ್ತೇಳು, ಹನ್ನೆರಡು ಗಂಟೆ. ಬಾಯಿಗೆ ಬಂತು. ಕಷ್ಟವೇನೂ ಇಲ್ಲ. ಎರಡನೇ ಸಲ ಇನ್ನೂ ಸುಲಭವಾಯಿತು.

ಇಷ್ಟು ಸುಲಭವಾಗಬಾರದಿತ್ತು.

ಜುಲೈ 1, ಸೋಮವಾರ

ಜೆ.ಎಲ್.ಟಿ. ಅಂದರೆ ಜುಮೇರಾ ಲೇಕ್ ಟವರ್ಸು, ಅಲ್ಲಿ ಮೂವತ್ತೊಂದನೇ ಮಹಡಿ. ಲಿಫ್ಟಿನಲ್ಲಿ ಕಿವಿ ಕಟ್ಟಿತು. ಉದ್ದ ಮೇಜು. ಒಂದು ಬದಿಯಲ್ಲಿ ಅಧಿಕಾರಿ, ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ ಇಲ್ಲಿಯವರು, ಸುಜಿತನ ಪ್ರಾಯದವರು. ಒಳ್ಳೆಯ ಹಿಂದಿ ಮಾತಾಡುತ್ತಾರೆ. ಎದುರಿಗೆ ಗೇಬ್ರಿಯಲ್ ಮತ್ತು ಸುಜಿತನ ಬಾಸು. ತುದಿಯಲ್ಲಿ ಕಂಪ್ಯೂಟರಿಟ್ಟುಕೊಂಡು ಸುಜಿತ. ಗೋಡೆಯಲ್ಲಿ ಈ ಸಿನೆಮಾದ್ದೇ ದೊಡ್ಡ ಚಿತ್ರ ತೂಗುಹಾಕಿದ್ದಾರೆ, ನಾಯಕಿ ಧೂಳಿನಲ್ಲಿ ನಿಂತಿದ್ದಾಳೆ. ಅವಳ ಹಿಂದೆ ಮಸುಕು ಮಸುಕಾಗಿ ನನ್ನ ಕಾಲರುಗಳು. ಒಂದೂ ಬಿಚ್ಚಿಲ್ಲ.

ಓದಲು ಶುರು ಮಾಡಿದೆ. ಹಿಂದಿಯಲ್ಲಿ ಹೇಳುವುದು, ಸುಜಿತ ಇಂಗ್ಲಿಷಿನಲ್ಲಿ ಒತ್ತುವುದು. ನಂಬರ್ ಒಂದು, ಆರು ಗಂಟೆಗೆ ಕೊಟ್ಟದ್ದು, ವಾಪಸು. ನಂಬರ್ ಎರಡು. ಗೇಬ್ರಿಯಲನಿಗೆ ಆಕಳಿಕೆ ಬಂತು. ಮೂವತ್ತರ ಹೊತ್ತಿಗೆ ಗಂಟಲು ಒಣಗಿತು. ಅಧಿಕಾರಿ ತಾವೇ ಎದ್ದು ನೀರು ತಂದಿಟ್ಟರು. "ಆರಾಮವಾಗಿ ಓದಿ ಅಮ್ಮಾ, ಅವಸರವಿಲ್ಲ" ಎಂದರು.

ನಲವತ್ತೇಳು ಬಂತು.

"ಬೆಳಿಗ್ಗೆ ಆರು ಹತ್ತಕ್ಕೆ ಕೊಟ್ಟದ್ದು. ಕಾಲರ್ ಒಳಗಿನಿಂದ ಹೊಲಿದಿದೆ. ವಾಪಸು ಬಂದಿಲ್ಲ" ಎಂದೆ. ಅಲ್ಲಿಗೆ ನಿಂತೆ. ಯಾಕೆ ನಿಂತೆನೋ. ಗೇಬ್ರಿಯಲ್ ತಲೆ ಎತ್ತಿದ. ಆಮೇಲೆ ಹೇಳಿದೆ, "ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಮೈಮೇಲಿರುವಾಗಲೇ ಕತ್ತರಿಸಿದ್ದು. ಕತ್ತರಿಸಿದ್ದು ನಾನು."

ಸುಜಿತನ ಬೆರಳು ಓಡಲಿಲ್ಲ. ಅವನ ಬಾಸು ಕೆಮ್ಮಿದ. ಗೇಬ್ರಿಯಲ್ ಇಂಗ್ಲಿಷಿನಲ್ಲಿ ಏನೋ ವೇಗವಾಗಿ ಹೇಳತೊಡಗಿದ, ಆಂಟಿಗೆ ವಯಸ್ಸಾಗಿದೆ ಅಂತ ಒಂದು ಮಾತು ಮಾತ್ರ ನನಗೆ ಅರ್ಥವಾಯಿತು. ಅಧಿಕಾರಿ ಕೈ ಎತ್ತಿ ಅವನನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಕಾಲರ್ ಹೊಲಿದವರು ಯಾರು?"

"ನಾನೇ. ಉಪಾಯವೂ ನನ್ನದೇ. ಯಾರೂ ಹೇಳಿಕೊಟ್ಟದ್ದಲ್ಲ."

"ಯಾಕೆ ಹೊಲಿದಿರಿ?"

"ಬಿಚ್ಚಬಾರದು ಅಂತ."

ಇಷ್ಟು ಕೆಟ್ಟ ಉತ್ತರವನ್ನು ನಾನು ಜೀವನದಲ್ಲಿ ಕೊಟ್ಟಿರಲಿಲ್ಲ. ಅದಕ್ಕಿಂತ ಸರಿಯಾದದ್ದು ಬೇರೆ ಇರಲಿಲ್ಲ.

ಮೇಜಿನ ತುದಿಯಿಂದ ಸುಜಿತ ತುಳುವಿನಲ್ಲಿ ಕೇಳಿದ, "ಅಮ್ಮ, ಗಂಟೆ ಇನ್ನೊಮ್ಮೆ ಹೇಳು."

"ಎರಡು ಇಪ್ಪತ್ತು."

ಒತ್ತಿದ. ನಾಲ್ಕೇ ನಾಲ್ಕು ಸಲ ಟಕ್ ಟಕ್ ಎಂದಿತು. "ನಲವತ್ತೆಂಟು?" ಎಂದು ಕೇಳಿದ.

ಎಂಬತ್ತನಾಲ್ಕರವರೆಗೂ ಓದಿದೆ. ಕೊನೆಗೆ ಸಹಿ, ಕನ್ನಡದಲ್ಲೇ.

ಜುಲೈ 4, ಗುರುವಾರ

ಸುಜಿತನ ಕೈಗೆ ಇಂದು ಕಾಗದ ಕೊಟ್ಟರು. ವೀಸಾ ರದ್ದಾದ ದಿನದಿಂದ ಮೂವತ್ತು ದಿನ. ಶಾರ್ಜಾದ ಯಾರೋ ಗೆಳೆಯನ ಕಂಪನಿಯಲ್ಲಿ ಕೇಳುತ್ತಿದ್ದಾನೆ. ಅಶ್ಮಿತಾ ನನ್ನೊಡನೆ ಮಾತಾಡುವುದಿಲ್ಲ, ಪಾತ್ರೆಗಳೊಡನೆ ಗಟ್ಟಿಯಾಗಿ ಮಾತಾಡುತ್ತಾಳೆ. ಅವಳದೇನೂ ತಪ್ಪಿಲ್ಲ. ನನ್ನ ಮೇಲೂ ಕೇಸು ಆಗಬಹುದೆಂದು ಗೇಬ್ರಿಯಲ್ ಹೇಳಿಕಳಿಸಿದ್ದಾನೆ. ಆಗಲಿ. ಅಧಿಕಾರಿ ಕರೆದರೆ ಹೋಗಿ ಇದ್ದದ್ದನ್ನು ಹೇಳುವುದು, ಇನ್ನೇನು.

ನಾರ್ಬರ್ಟನನ್ನು ಊರಿಗೆ ಕಳಿಸುವುದನ್ನು ನಿಲ್ಲಿಸಿದ್ದಾರೆ. ಗುಣವಾಗುವವರೆಗೆ ಇಲ್ಲಿಯೇ ಚಿಕಿತ್ಸೆ, ಖರ್ಚು ಕಂಪನಿಯದು. ಮಮ್ಮು ಇದನ್ನು ಫೋನಿನಲ್ಲಿ ಮೂರು ಸಲ ಹೇಳಿದ, ನನಗೆ ಕಿವಿ ಕೇಳಿಸದು ಎಂಬಂತೆ.

ವಾರಿಜಳಿಗೆ ಕಾಗದ ಬರೆದೆ. ಈ ಸಲ ಪೂರ್ತಿ. ಏಳು ಪುಟವಾಯಿತು.

ಜುಲೈ 5, ಶುಕ್ರವಾರ

ಬೆಳಿಗ್ಗೆ ಮಮ್ಮುವಿನ ಕಾರಿನಲ್ಲಿ ಅಬುಧಾಬಿಗೆ ಹೋದೆ. ದಾರಿಯುದ್ದಕ್ಕೂ ಅವನ ಮಾತು, ನನಗೆ ಒಂದೂ ತಲೆಗೆ ಹೋಗಲಿಲ್ಲ. ಏನು ಹೇಳಬೇಕೆಂದು ಕಟ್ಟಿಕೊಂಡಿದ್ದೆ. ವಾರ್ಡಿನ ಬಾಗಿಲಲ್ಲಿ ಎಲ್ಲ ಮರೆತುಹೋಯಿತು.

ಅರ್ಧ ಆಳಾಗಿದ್ದಾನೆ. ಕೈಗೆ ನಳಿಕೆ. ಕುತ್ತಿಗೆಯಲ್ಲಿ ಸುತ್ತಲೂ ಕಂದು ಗೆರೆ, ಇನ್ನೂ ಮಾಸಿಲ್ಲ. ನನ್ನನ್ನು ಕಂಡು "ಅಕ್ಕ, ಆ ಅಂಗಿ ಹಾಳಾಯ್ತಲ್ಲ, ನಿಮಗೆ ಬೈದರಾ?" ಎಂದು ಕೇಳಿದ.

"ನಾರ್ಬರ್ಟ್, ಕಾಲರ್ ಹೊಲಿದದ್ದು ಬೇಕೆಂದೇ. ನೀವು ಬಿಚ್ಚಬಾರದು ಅಂತ. ಅದನ್ನು ಹೇಳಿ ಹೋಗ್ಲಿಕ್ಕೆ ಬಂದೆ."

ಅವನು ಕಿಟಕಿಯ ಕಡೆ ನೋಡಿದ.

"ಬರೀ ಗುಂಡಿ ಇದ್ದಿದ್ದರೆ ನಾನೇ ತೆಗೀತಿದ್ದೆ ಅಕ್ಕ" ಎಂದ.

ನಾನು ಹೂಂ ಎಂದೆ. ಮಮ್ಮು ಕಾರಿನ ಕೀಲಿ ತೆಗೆದ. ಹೊರಡಲು ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕರೆದ.

"ನಾಳೆ ಬರ್ತೀರಾ?"

"ಬರಬೇಕಾ?"

"ಇಲ್ಲಿಯ ಸಾರು ಬಾಯಿಗೆ ಹಾಕ್ಲಿಕ್ಕೆ ಆಗುದಿಲ್ಲ. ಸ್ವಲ್ಪ ಸಾರು ಮಾಡಿ ತನ್ನಿ. ಉಪ್ಪು ಮಾತ್ರ ಹಾಕಬಾರದಂತೆ. ಒಂದು ಕಲ್ಲು ಕೂಡ."

ಉಪ್ಪಿಲ್ಲದೆ ಸಾರು ಮಾಡಿ ನನಗೆ ಗೊತ್ತೇ ಇಲ್ಲ. ಸಂಜೆ ಒಮ್ಮೆ ಮಾಡಿ ನೋಡಿದೆ, ಚೆಲ್ಲಿದೆ. ಹುಳಿ ಹೆಚ್ಚಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಇನ್ನೊಮ್ಮೆ ಮಾಡಿದೆ. ಅಶ್ಮಿತಾ ಬಂದು ಒಂದು ಚಮಚ ರುಚಿ ನೋಡಿ, ಎರಡು ಕಾಳುಮೆಣಸು ಗುದ್ದಿ ಹಾಕಿ ಹೋದಳು. ಈಗ ಪರವಾಗಿಲ್ಲ ಅನಿಸುತ್ತದೆ.

ಅಬುಧಾಬಿಯ ಬಸ್ಸು ಬೆಳಿಗ್ಗೆ ಏಳೂವರೆಗೆ.